ಹಮಾಲ ಎತ್ತುವ ಚೀಲದ ಲೆಕ್ಕ

ಮಂಗಳೂರೆಂದರೆ ಎಲ್ಲರಿಗೂ ಕಡಲು ನೆನಪಾಗುತ್ತದೆ. ಕೊಪ್ಪಳ ಜಿಲ್ಲೆಯಲ್ಲೂ ಒಂದು ಮಂಗಳೂರು ಇದೆ; ಅಲ್ಲಿ ಕಡಲಿಲ್ಲ, ಹೊಲಗಳಿವೆ. ಸುಗ್ಗಿಯಾದ ಮೇಲೆ ಈ ಸೀಮೆಯಲ್ಲಿ ಲಾರಿಗೆ ಚೀಲ ಹೇರುವುದನ್ನು ನೋಡದ ಮಕ್ಕಳು ಕಡಿಮೆ. 'ಕೆಲಸ' ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೆ?

ಚೀಲದ ರಾಶಿ 50 ಕಿಲೋಗ್ರಾಂ, ಎತ್ತಬೇಕಾದ ಎತ್ತರ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಭೂಮಿ ಚೀಲವನ್ನು ಎಳೆಯುವ ಬಲ 50 × 9.8, ಅಂದರೆ 490 ನ್ಯೂಟನ್. ಇದನ್ನು 1.5ರಿಂದ ಗುಣಿಸಿದರೆ 735 ಜೌಲ್. ಅನೇಕ ವಿದ್ಯಾರ್ಥಿಗಳು 9.8ನ್ನು ಮರೆತು 75 ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಕಿಲೋಗ್ರಾಂ ಬಲವಲ್ಲ, ರಾಶಿ.

ನೇರವಾಗಿ ಎತ್ತುವ ಬದಲು 3 ಮೀಟರ್ ಉದ್ದದ ಹಲಗೆಯನ್ನು ಲಾರಿಗೆ ಒರಗಿಸಿ ಚೀಲವನ್ನು ಮೇಲಕ್ಕೆ ತಳ್ಳಿದರೆ? ಘರ್ಷಣೆ ಇಲ್ಲವೆಂದುಕೊಂಡರೆ 245 ನ್ಯೂಟನ್ ಬಲ ಸಾಕು. ಆದರೆ ದೂರ ಇಮ್ಮಡಿ. ಕೆಲಸ ಮತ್ತೆ 735 ಜೌಲ್. ಹಲಗೆ ಬಲವನ್ನು ಉಳಿಸುತ್ತದೆ, ಕೆಲಸವನ್ನಲ್ಲ. ನಿಜವಾದ ಹಲಗೆಯಲ್ಲಿ ಘರ್ಷಣೆಯ ಪಾಲೂ ಸೇರಿ ಲೆಕ್ಕ ಇನ್ನಷ್ಟು ಏರುತ್ತದೆ.

ಚೀಲ ಹೊತ್ತು ಅಲುಗಾಡದೆ ನಿಂತವನು ಚೀಲದ ಮೇಲೆ ಮಾಡಿದ ಕೆಲಸ ಸೊನ್ನೆ! ಸಮತಟ್ಟು ನೆಲದ ಮೇಲೆ ಒಂದೇ ವೇಗದಲ್ಲಿ ಹೊತ್ತು ನಡೆದರೂ ಅಷ್ಟೇ. ಬಲ ಮೇಲ್ಮುಖ, ಚಲನೆ ಅಡ್ಡಲಾಗಿ. ಹಮಾಲರ ಮನೆಯ ಮಗು ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡರೆ ತಪ್ಪಲ್ಲ. 'ಅಪ್ಪ ಸುಮ್ಮನೆ ದಣಿಯುತ್ತಾನೆಯೇ?' ಎಂಬ ಪ್ರಶ್ನೆಗೆ ಉತ್ತರ ಕೊಡದೆ ಪಾಠ ಮುಗಿಸಬಾರದು. ಸ್ನಾಯು ಬಿಗಿಯಾಗಿ ನಿಲ್ಲಬೇಕಾದರೆ ಅದರೊಳಗಿನ ಸೂಕ್ಷ್ಮ ಎಳೆಗಳು ಬಿಡುವಿಲ್ಲದೆ ಹಿಡಿಯುತ್ತ, ಬಿಡುತ್ತ ಇರಬೇಕು. ಅದಕ್ಕೆ ಉಂಡ ರೊಟ್ಟಿಯ ಶಕ್ತಿ ಖರ್ಚಾಗಿ ಶಾಖವಾಗುತ್ತದೆ. ಬೆವರು ಅದರ ಸಾಕ್ಷಿ. ಸೊನ್ನೆ ಎಂಬುದು ಚೀಲಕ್ಕೆ ಸೇರಿದ ಶಕ್ತಿಯ ಲೆಕ್ಕ, ಹೊತ್ತವನ ದಣಿವಿನದಲ್ಲ. ಕೂಲಿಯನ್ನು ಜೌಲ್‌ನಲ್ಲಿ ಅಳೆಯಲಾಗದು.

ಪಾಲಕರಿಗೆ ಇನ್ನೊಂದು ಲೆಕ್ಕ. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೌಲ್. ಅದನ್ನು 735ರಿಂದ ಭಾಗಿಸಿ ನೋಡಿ: ಸುಮಾರು 4,900 ಚೀಲ! ಹತ್ತು ಟನ್ನಿನ ಲಾರಿಗಳು ಇಪ್ಪತ್ತನಾಲ್ಕು ತುಂಬಿ ಮಿಗುತ್ತವೆ. ಒಂದು ಕಿಲೋವ್ಯಾಟಿನ ಹೀಟರ್ ಸ್ನಾನದ ನೀರಿಗಾಗಿ ಒಂದು ತಾಸಿನಲ್ಲಿ ನುಂಗುವುದು ಇಷ್ಟೇ ಶಕ್ತಿಯನ್ನು.