ನಿಷ್ಠೆಯ ಅರ್ಥಚ್ಛಾಯೆಗಳು

ಆಂಗ್ಲಭಾಷೆಯಲ್ಲಿ ಲಾಯಲ್ಟಿ, ಫಿಡೆಲಿಟಿ, ಫೀಲ್ಟಿ, ಅಲೀಜಿಯನ್ಸ್ ಎಂಬ ನಾಲ್ಕು ಮಾತುಗಳುಂಟು. ಅವನ್ನು ಕನ್ನಡಿಸುವ ಸಂದರ್ಭ ಬಂದಾಗ ನಾವು ಸಾಮಾನ್ಯವಾಗಿ ‘ನಿಷ್ಠೆ’ ಎಂಬ ಒಂದೇ ಮಾತಿಗೆ ಶರಣು ಹೋಗುತ್ತೇವೆ. ಹೆಚ್ಚೆಂದರೆ ಅದರ ಹಿಂದೆ ‘ಸ್ವಾಮಿ’, ‘ರಾಜ’, ‘ಪಕ್ಷ’ ಎಂಬ ಪದಗಳಲ್ಲೊಂದನ್ನು ಸೇರಿಸುತ್ತೇವೆ. ನಾಲ್ಕು ಬಗೆಯ ಕಾಳನ್ನು ಒಂದೇ ಚೀಲಕ್ಕೆ ಸುರಿದಂತೆ ಇದು. ಚೀಲ ತುಂಬುತ್ತದೆ, ನಿಜ. ಆದರೆ ಅಡಿಗೆಗೆ ಕುಳಿತಾಗ ಆರಿಸುವ ಕಷ್ಟ ಒದಗುತ್ತದೆ. ಈ ಮಾತುಗಳ ಅರ್ಥಭೇದವನ್ನು ಸ್ವಲ್ಪಮಟ್ಟಿಗೆ ವಿವೇಚಿಸಿ, ಕನ್ನಡದಲ್ಲಿ ಅಂಥ ಭೇದಗಳು ಹಿಂದೆ ಇದ್ದುವೇ, ಇಂದು ಅವುಗಳಿಂದ ನಮಗೇನು ಪ್ರಯೋಜನ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಮೂಲವನ್ನು ನೋಡೋಣ. ಲಾಯಲ್ಟಿ ಎಂಬುದು ಫ್ರೆಂಚಿನ ಮೂಲಕ ಲ್ಯಾಟಿನ್ ಭಾಷೆಯ ‘ಲೆಗಾಲಿಸ್’ ಎಂಬುದರಿಂದ ಬಂದದ್ದು. ಕಾನೂನಿಗೆ ಸಂಬಂಧಿಸಿದ್ದು ಎಂದು ಅದರ ಅರ್ಥ. ಫಿಡೆಲಿಟಿಗೆ ಮೂಲ ‘ಫಿದೆಸ್’, ಎಂದರೆ ನಂಬಿಕೆ. ಫೀಲ್ಟಿಯೂ ಅದೇ ಮೂಲದ ಇನ್ನೊಂದು ಕವಲು; ಜಹಗೀರು ಪಡೆದವನು ಒಡೆಯನಿಗೆ ಕೊಡುತ್ತಿದ್ದ ಪ್ರಮಾಣಕ್ಕೆ ಅದು ಮೀಸಲಾಯಿತು. ಅಲೀಜಿಯನ್ಸ್ ಎಂಬುದು ‘ಲೀಜ್’, ಅಂದರೆ ಒಡೆಯ ಎಂಬ ಮಾತಿನ ಬಳಗಕ್ಕೆ ಸೇರಿದ್ದು.

ಬಳಕೆಯಲ್ಲಿ ಇವುಗಳ ದಾರಿ ಬೇರೆ ಬೇರೆ. ಅಲೀಜಿಯನ್ಸ್ ಎಂಬುದು ಸಲ್ಲಬೇಕಾದ ಬಾಧ್ಯತೆ. ಪ್ರಜೆಯಾದವನು ರಾಜ್ಯಕ್ಕೆ ಸಲ್ಲಿಸತಕ್ಕದ್ದು. ಮನಸ್ಸಿನಲ್ಲಿ ಒಲವು ಇರಲಿ ಇಲ್ಲದಿರಲಿ, ಅದು ಸಲ್ಲಲೇಬೇಕು. ಫಿಡೆಲಿಟಿ ಎಂಬುದು ಕೊಟ್ಟ ಮಾತಿಗೆ, ವಹಿಸಿಕೊಂಡ ಕೆಲಸಕ್ಕೆ ಚ್ಯುತಿ ಬಾರದಂತೆ ನಡೆಯುವುದು. ದಂಪತಿಗಳ ನಡುವಣ ನಂಬಿಕೆಗೂ, ಮೂಲಕ್ಕೆ ಸರಿಯಾಗಿ ಮಾಡಿದ ಅನುವಾದಕ್ಕೂ, ಹಾಡಿದ್ದನ್ನು ಹಾಡಿದಂತೆಯೇ ಕೇಳಿಸುವ ಧ್ವನಿಯಂತ್ರಕ್ಕೂ ಈ ಮಾತು ಸಲ್ಲುವುದು ಅದಕ್ಕಾಗಿಯೇ. ಲಾಯಲ್ಟಿಯಲ್ಲಿ ಮಾತ್ರ ಹೃದಯ ಸೇರುತ್ತದೆ. ಕಷ್ಟಕಾಲದಲ್ಲಿ ಕೈಬಿಡದಿರುವ ಒಲವು ಅದರ ಜೀವಾಳ. ವಿಚಿತ್ರವೆಂದರೆ, ಕಾನೂನಿನಿಂದ ಹುಟ್ಟಿದ ಲಾಯಲ್ಟಿ ಒಲವಿನ ಕಡೆಗೂ, ಒಡೆಯನ ಹೆಸರಿನಿಂದ ಹುಟ್ಟಿದ ಅಲೀಜಿಯನ್ಸ್ ಕಾನೂನಿನ ಕಡೆಗೂ ಸಾಗಿಬಂದಿವೆ.

ಇದು ಕೇವಲ ಪಂಡಿತರ ಚರ್ಚೆಯೆಂದು ವಾಚಕರು ಭಾವಿಸಬಾರದು. ಈ ಭೇದ ಮಸಳಿಸಿದುದರ ಫಲವನ್ನು ನಮ್ಮ ಮುಂಬಯಿಯೇ ಕಂಡಿದೆ. 1897ರಲ್ಲಿ ಬಾಲಗಂಗಾಧರ ತಿಲಕರ ಮೇಲೆ ಮುಂಬಯಿ ಹೈಕೋರ್ಟಿನಲ್ಲಿ ರಾಜದ್ರೋಹದ ವಿಚಾರಣೆ ನಡೆಯಿತು. ಆಗ ಭಾರತ ದಂಡಸಂಹಿತೆಯ 124ಎ ಕಲಮಿನಲ್ಲಿದ್ದ ‘ಡಿಸ್‌ಅಫೆಕ್ಷನ್’ ಎಂಬ ಮಾತಿಗೆ ನ್ಯಾಯಮೂರ್ತಿ ಸ್ಟ್ರೇಚಿಯವರು ‘ಪ್ರೀತಿಯ ಅಭಾವ’ ಎಂದೇ ವ್ಯಾಖ್ಯಾನ ಕೊಟ್ಟರು. ದ್ವೇಷ, ತಿರಸ್ಕಾರ ಮೊದಲಾದ ಭಾವಗಳನ್ನೆಲ್ಲ ಅದರೊಳಗೆ ಸೇರಿಸಿ, ಒಟ್ಟು ಅರ್ಥಕ್ಕೆ ‘ಡಿಸ್‌ಲಾಯಲ್ಟಿ’ ಎಂಬುದೇ ಬಹುಶಃ ಒಪ್ಪುವ ಮಾತೆಂದು ಪಂಚರಿಗೆ ತಿಳಿಸಿದರು. ಆರು ಮಂದಿ ಪಂಚರು ತಪ್ಪಿತಸ್ಥರೆಂದರು, ಮೂವರು ಅಲ್ಲವೆಂದರು. ತಿಲಕರಿಗೆ ಹದಿನೆಂಟು ತಿಂಗಳ ಸೆರೆವಾಸವಾಯಿತು. ಮರುವರ್ಷ, 1898ರ ತಿದ್ದುಪಡಿಯಿಂದ, ಆ ಡಿಸ್‌ಲಾಯಲ್ಟಿ ಎಂಬ ಮಾತು ಕಲಮಿನ ವಿವರಣೆಯೊಳಕ್ಕೇ ಸೇರಿತು. 1908ರ ಎರಡನೆಯ ವಿಚಾರಣೆಯಲ್ಲಿ ತಿಲಕರು ‘ಕೇಸರಿ’ಯ ಮರಾಠಿ ಲೇಖನಗಳಿಗೆ ಸರ್ಕಾರ ಒದಗಿಸಿದ ಇಂಗ್ಲಿಷ್ ಅನುವಾದವೇ ತಪ್ಪೆಂದು ಪದಪದವಾಗಿ ವಾದಿಸಿದರು. ಏಳು ಮಂದಿ ಯುರೋಪಿಯನರೂ ಇಬ್ಬರು ಪಾರಸಿಗಳೂ ಇದ್ದ ಆ ಪಂಚಾಯತಿ ಏಳಕ್ಕೆ ಎರಡರಂತೆ ಅವರನ್ನು ತಪ್ಪಿತಸ್ಥರೆಂದಿತು. ಆರು ವರ್ಷ ಮಂಡಾಲೆ.

ಇಲ್ಲಿ ನಡೆದುದೇನು? ಪ್ರಜೆಯಿಂದ ಕಾನೂನು ಕೇಳಬಹುದಾದದ್ದು ಅಲೀಜಿಯನ್ಸ್. ಸರ್ಕಾರ ಕೇಳಿದ್ದು ಒಲವು. ಒಲವನ್ನು ಕಾನೂನು ಹುಟ್ಟಿಸಲಾರದೆಂದು ಗಾಂಧೀಜಿಯವರು 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ಹೇಳಿದುದು ಇದೇ ಭೇದವನ್ನು ಕುರಿತೇ. 124ಎ ಕಲಮು ದಂಡಸಂಹಿತೆಯೊಡನೆ 2024ರ ಜುಲೈ 1ರಂದು ತೆರೆಮರೆಗೆ ಸರಿಯಿತು. ಆದರೆ ಎರಡು ಮಾತುಗಳನ್ನು ಒಂದೆಂದು ತಿಳಿಯುವ ಅಭ್ಯಾಸ ಕಾಯಿದೆಗಳೊಡನೆ ಸರಿದುಹೋಗುವಂಥದಲ್ಲ.

ಇನ್ನು ಕನ್ನಡದ ಮಾತಿಗೆ ಬರೋಣ. ನಮ್ಮ ಹಿರಿಯರು ಈ ವಿಷಯದಲ್ಲಿ ಬಡವರಾಗಿರಲಿಲ್ಲ. ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ‘ಜೋಳವಾಳಿ’, ‘ವೇಳೆವಾಳಿ’ ಎಂಬ ಎರಡು ಮಾತುಗಳು ಬರುತ್ತವೆ. ಜೋಳವಾಳಿಯೆಂದರೆ ಉಂಡ ಜೋಳದ ಋಣವನ್ನು ತೀರಿಸುವ ಧರ್ಮ. ಯುದ್ಧದಲ್ಲಿ ಒಡೆಯನ ಪರವಾಗಿ ಹೋರಾಡಿದರೆ ಅದು ಸಂದುಹೋಯಿತು. ವೇಳೆವಾಳಿ ಅದಕ್ಕಿಂತ ಕಠಿನವಾದುದು. ಒಡೆಯನಿಗಾಗಿ ಪ್ರಾಣವನ್ನೇ ಒಪ್ಪಿಸುತ್ತೇನೆಂದು ಮೊದಲೇ ತೊಟ್ಟ ವ್ರತ. ಹೀಗೆ ವ್ರತ ತೊಟ್ಟವರನ್ನು ಹೊಯ್ಸಳರ ಕಾಲದಲ್ಲಿ ‘ಗರುಡ’ರೆಂದು ಕರೆದರು. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ಗರುಡನಾದ ಕುವರಲಕ್ಷ್ಮನು ಪತ್ನಿಯೊಡನೆಯೂ ಸಂಗಡಿಗರೊಡನೆಯೂ ಪ್ರಾಣಾರ್ಪಣ ಮಾಡಿದ ಸಂಗತಿಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವು ಇಂದಿಗೂ ಹೇಳುತ್ತಿದೆ. ಡಾ. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ (1966) ಇಂಥ ಪದ್ಧತಿಗಳನ್ನು ವಿವರವಾಗಿ ನಿರೂಪಿಸಿದ್ದಾರೆ.

ಜೋಳವಾಳಿಯನ್ನು ಫಿಡೆಲಿಟಿಗೂ ವೇಳೆವಾಳಿಯನ್ನು ಫೀಲ್ಟಿಗೂ ಸಮೀಕರಿಸಬೇಕೆಂದು ನಾನು ಹೇಳುವುದಿಲ್ಲ. ಸಮಾಜ ಬೇರೆ, ಕಾಲ ಬೇರೆ. ಆದರೆ ಎಲ್ಲಿಗೆ ಸಾಕು, ಎಲ್ಲಿಂದ ಮುಂದೆ ಎಂಬ ಅಳತೆ ಆ ಮಾತುಗಳಲ್ಲಿತ್ತೆಂಬುದು ಮುಖ್ಯ.

ಆಡುಮಾತಿನಲ್ಲಿ ಇನ್ನೆರಡು ಮಾತುಗಳುಂಟು. ‘ನಿಯತ್ತು’ ಎಂಬುದು ಅರಬ್ಬಿಯಿಂದ ಬಂದದ್ದು. ಅಲ್ಲಿ ಸಂಕಲ್ಪ, ಉದ್ದೇಶ ಎಂದು ಅರ್ಥ. ನಮ್ಮಲ್ಲಿ ಅದು ಯಾರೂ ನೋಡದಿರುವಾಗಲೂ ಕೆಡದಿರುವ ನಡತೆಯಾಗಿದೆ. ನಾಯಿಗೆ ನಿಯತ್ತುಂಟು ಎನ್ನುತ್ತೇವೆಯೇ ಹೊರತು ನಾಯಿಗೆ ನಿಷ್ಠೆಯುಂಟು ಎನ್ನುವುದು ಅಪರೂಪ. ಕ್ರೈಸ್ತ ಧರ್ಮಗ್ರಂಥದ ಕನ್ನಡ ಅನುವಾದಗಳಲ್ಲಿ ನೆಲೆನಿಂತ ‘ನಂಬಿಗಸ್ತ’ ಎಂಬುದು ಇನ್ನೊಂದು; ಫಿಡೆಲಿಟಿಯ ಮೂಲಾರ್ಥಕ್ಕೆ ಇಷ್ಟು ಹತ್ತಿರವಾದ ಮಾತು ನಮ್ಮಲ್ಲಿ ಬೇರೊಂದಿಲ್ಲವೆಂದೇ ತೋರುತ್ತದೆ.

ಇನ್ನುಳಿದದ್ದು ‘ನಿಷ್ಠೆ’ಯೇ. ‘ಸ್ಥಾ’ ಧಾತುವಿನಿಂದ ಹುಟ್ಟಿದ ಈ ಮಾತಿಗೆ ನೆಲೆಯಾಗಿ ನಿಲ್ಲುವುದೆಂದರ್ಥ. ಇಲ್ಲಿ ಅನ್ನದ ಋಣವಿಲ್ಲ, ಒಡೆಯನೂ ಇಲ್ಲ. ವೀರಶೈವರ ಷಟ್‌ಸ್ಥಲದಲ್ಲಿ ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನಿಷ್ಠಾಭಕ್ತಿ. ಶ್ರದ್ಧೆ ಮೊದಲ ಮೆಟ್ಟಿಲು. ಬಂದ ಶ್ರದ್ಧೆ ಪರೀಕ್ಷೆಗಳಲ್ಲಿ ಕದಲದೆ ನಿಂತರೆ ಅದು ನಿಷ್ಠೆ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯ ಪ್ರಮಾಣವಚನವನ್ನು ಕನ್ನಡದಲ್ಲಿ ಸ್ವೀಕರಿಸುವವರ ಬಾಯಲ್ಲಿ ಶ್ರದ್ಧೆ, ನಿಷ್ಠೆ ಎಂಬ ಇದೇ ಜೋಡಿ ಬರುತ್ತದೆ. 1935ರ ಕಾಯಿದೆಯ ಕಾಲದಲ್ಲಿ ಶಾಸನಸಭೆಯ ಸದಸ್ಯರ ಅಲೀಜಿಯನ್ಸ್ ಚಕ್ರವರ್ತಿಗೆ ಸಲ್ಲುತ್ತಿತ್ತು. ಗಣರಾಜ್ಯದಲ್ಲಿ ಅದು ಸಂವಿಧಾನಕ್ಕೆ ಸಲ್ಲುತ್ತದೆ. ವ್ಯಕ್ತಿ ಇದ್ದ ಸ್ಥಾನದಲ್ಲಿ ಧರ್ಮ ಬಂದು ನಿಂತಿದೆ. ಅಂಥ ಸ್ಥಾನಕ್ಕೆ ಒಪ್ಪುವ ಮಾತು ನಿಷ್ಠೆಯೇ. ಆದುದರಿಂದಲೇ ಅದನ್ನು ಧಣಿಗೂ ಪಕ್ಷದ ನಾಯಕನಿಗೂ ಸಲ್ಲಿಸಿ ಸವೆಯಿಸಬಾರದೆಂದು ನನ್ನ ವಿನಂತಿ.

ಈ ಭೇದ ದಿನಬಳಕೆಯಲ್ಲಿ ಹೇಗೆ ಎದುರಾಗುತ್ತದೆಂಬುದಕ್ಕೆ ಒಂದು ಸಂಗತಿಯನ್ನು ಹೇಳಬಯಸುತ್ತೇನೆ. ಬ್ಯಾಂಕಿನ ಉದ್ಯೋಗಕ್ಕೆ ಸೇರುವವರು ಫಿಡೆಲಿಟಿಯ ಮತ್ತು ಗೋಪ್ಯಪಾಲನೆಯ ಘೋಷಣೆಯೊಂದಕ್ಕೆ ಸಹಿ ಮಾಡುವುದುಂಟು. 1955ರ ಸ್ಟೇಟ್ ಬ್ಯಾಂಕ್ ಕಾಯಿದೆಯಲ್ಲಿಯೂ 1970ರ ರಾಷ್ಟ್ರೀಕರಣದ ಕಾಯಿದೆಯಲ್ಲಿಯೂ ಅದಕ್ಕೆ ವಿಧಿಯಿದೆ. ಕೆಲವು ವರ್ಷಗಳ ಹಿಂದೆ, ಉಪನಗರದ ಶಾಖೆಯೊಂದರಲ್ಲಿದ್ದ ನಮ್ಮ ಕರಾವಳಿಯ ತರುಣನೊಬ್ಬ ಒಂದು ಸಂಜೆ ನನ್ನ ಮನೆಗೆ ಬಂದ. ಊರಿನಿಂದ ಅವನನ್ನು ಕರೆತಂದು, ಮನೆಯಲ್ಲಿಟ್ಟು ಊಟ ಹಾಕಿ, ಪರೀಕ್ಷೆಗೆ ಕಟ್ಟಿಸಿದ ಹಿರಿಯರೇ ಆಗ ಅವನ ಮೇಲಧಿಕಾರಿಗಳು. ಗೋದಾಮಿನ ಸರಕನ್ನು ಎಣಿಸದೆಯೇ ಎಣಿಸಿದ್ದೇನೆಂದು ಬರೆದು ಸಹಿ ಮಾಡೆಂದು ಅವರು ಹೇಳಿದ್ದರು.

“ಅವರ ಅನ್ನ ಉಂಡಿದ್ದೇನೆ ಸಾರ್, ಆಗುವುದಿಲ್ಲ ಅಂತ ಹೇಗೆ ಹೇಳಲಿ?” ಎಂದ.

ನಾನು ಒಡನೆಯೇ ಉತ್ತರಿಸಲಾರದೆ ಹೋದೆ. ಅವನು ಹೇಳುತ್ತಿದ್ದುದು ಸುಳ್ಳಲ್ಲ. ಸಾವಿರ ವರ್ಷದ ಜೋಳವಾಳಿ ಅವನ ಬಾಯಲ್ಲಿ ಮಾತನಾಡುತ್ತಿತ್ತು. ಕಡೆಗೆ ಕೇಳಿದೆ: “ನೀನು ಸೇರಿದ ದಿನ ಸಹಿ ಮಾಡಿದ ಕಾಗದದಲ್ಲಿ ಅವರ ಹೆಸರಿತ್ತೇನಪ್ಪಾ?” ಇರಲಿಲ್ಲ. ಆ ಘೋಷಣೆಯಲ್ಲಿ ಯಾವ ವ್ಯಕ್ತಿಯ ಹೆಸರೂ ಇರುವುದಿಲ್ಲ. ಇರುವುದು ಕೆಲಸ, ಮತ್ತು ಆ ಕೆಲಸವನ್ನು ನಂಬಿ ಹಣವಿಟ್ಟವರು. ಹಿರಿಯರ ಋಣ ದೊಡ್ಡದು. ಆದರೆ ಅದನ್ನು ತೀರಿಸಬೇಕಾದುದು ತನ್ನ ಗಂಟಿನಿಂದ, ಠೇವಣಿದಾರರ ಗಂಟಿನಿಂದಲ್ಲ.

ಅವನು ಸಹಿ ಹಾಕಲಿಲ್ಲ. ಆ ಮನೆಯ ಹಬ್ಬದೂಟಕ್ಕೆ ಅವನಿಗೆ ಮತ್ತೆ ಕರೆ ಬರಲಿಲ್ಲವೆಂದೂ ಕೇಳಿದ್ದೇನೆ. ಅವನೇನೂ ಜೋಳವಾಳಿಯನ್ನು ಮರೆತವನಲ್ಲ. ಆ ಹಿರಿಯರು ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗ ಮೂರು ರಾತ್ರಿ ಅವರ ಮಂಚದ ಬಳಿ ಎಚ್ಚರಿದ್ದವನು ಅವನೇ. ಅನ್ನದ ಋಣ ಒಂದು, ವಹಿಸಿಕೊಂಡ ಕೆಲಸದ ನಂಬಿಕೆ ಇನ್ನೊಂದು ಎಂಬುದನ್ನು ಆತ ಬೇರೆಬೇರೆಯಾಗಿಯೇ ಸಲ್ಲಿಸಿದ. ಎರಡಕ್ಕೂ ಒಂದೇ ಮಾತನ್ನು ಇಟ್ಟುಕೊಂಡ ಭಾಷೆಯಲ್ಲಿ ಅಂಥವನನ್ನು ಕೃತಘ್ನನೆಂದು ಕರೆಯುವುದು ಸುಲಭ. ಮಾತುಗಳನ್ನು ಬೇರ್ಪಡಿಸಿ ಇಟ್ಟುಕೊಳ್ಳಬೇಕಾದುದು ಅದಕ್ಕಾಗಿಯೇ.