ಬ್ಲೂಟೂತ್ ಇದೆ ಸರಿ, ಯಾವ ದಿಕ್ಕಿಗೆ?

ಅಡಿಕೆ ಕೊಯ್ಲಿನ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆಗಳಿಗೆ ರಾತ್ರಿ ಹೋದವರಿಗೆ ಗೊತ್ತಿರುತ್ತೆ. ಊಟ ಮುಗಿದ ಮೇಲೆ ಜಗುಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆ ರಾಶಿ, ಮೂಲೆಯ ಸ್ಟೂಲಿನ ಮೇಲೆ ಒಂದು ಟೇಪ್ ರೆಕಾರ್ಡರ್. ಅದರಲ್ಲಿ ಕಾಳಿಂಗ ನಾವಡರ ಪದ್ಯವೋ, ಯಾವುದೋ ಮನೆಯಲ್ಲಿ ನಡೆದ ತಾಳಮದ್ದಲೆಯೋ. ಈಗ ಎಷ್ಟೋ ಕಡೆ ಸುಲಿಯುವ ಮಷಿನ್ ಬಂದಿದೆ. ಅದರ ಸದ್ದಿನಲ್ಲಿ ಭಾಗವತರ ದನಿ ಇರಲಿ, ಪಕ್ಕದವರ ಮಾತೂ ಕೇಳಿಸೋದಿಲ್ಲ.

ಅಡಿಕೆ ಸುಲಿದ ಕೈ ಹೇಗಿರುತ್ತೆ ಅಂತ ಪಟ್ಟಣದವರಿಗೆ ಹೇಳಬೇಕು. ಚೊಗರು ಹತ್ತಿ ಬೆರಳೆಲ್ಲ ಕಪ್ಪು, ಅಂಟು, ಒದ್ದೆ. ಆ ಬೆರಳಿಗೆ ಯಾವ ಟಚ್‌ಸ್ಕ್ರೀನೂ ಬಗ್ಗೋದಿಲ್ಲ. ಟೇಪ್ ರೆಕಾರ್ಡರಿನ ಗುಂಡಿಯನ್ನು ಆದರೆ ಮೊಣಕೈಯಲ್ಲೂ ಒತ್ತಬಹುದಿತ್ತು. ಮ್ಯೂಸಿಕ್ ಪ್ಲೇಯರ್‌ಗಳು ಕಳೆದುಕೊಂಡಿದ್ದರ ಪಟ್ಟಿ ನಾನು ಬರೆದರೆ ಮೊದಲನೆಯದು ಈ ಗುಂಡಿ.

ನಾನಿರೋದು ಬೆಂಗಳೂರಲ್ಲಿ, ಕೆಲಸ ಸಾಫ್ಟ್‌ವೇರಿನದು. ಮನೆ ಸಿದ್ದಾಪುರ ತಾಲೂಕಿನಲ್ಲಿ. ಅಪ್ಪಯ್ಯನಿಗೆ 74. ಎರಡೂ ಕಣ್ಣಿಗೆ ಪೊರೆಯ ಆಪರೇಶನ್ ಆಗಿದೆ, ಹೋದ ವರ್ಷ ಕಿವಿಗೆ ಮಷಿನ್ ಬಂತು. ಅದೇ ಮಳೆಗಾಲದಲ್ಲಿ ಮನೆಯ ಟೇಪ್ ರೆಕಾರ್ಡರ್ ನಿಂತುಹೋಯಿತು. ಒಳಗಿನ ಬೆಲ್ಟ್ ಕರಗಿ ಡಾಂಬರಿನ ಹಾಗೆ ಆಗಿತ್ತು. ರಬ್ಬರ್ ಬೆಲ್ಟ್‌ಗಳ ಹಣೆಬರಹವೇ ಅದು, ಮಲೆನಾಡಿನ ಸೆಕೆ ಮತ್ತು ತೇವಕ್ಕೆ ಇನ್ನೂ ಬೇಗ.

ಹಾಡು ಕೇಳೋದು ಬಿಟ್ಟರೂ ಆಗುತ್ತಿತ್ತೇನೋ. ಆದರೆ ನಮ್ಮಜ್ಜ ತಾಳಮದ್ದಲೆಯ ಅರ್ಥಧಾರಿ. ಮೇಳಕ್ಕೆ ಹೋದವರಲ್ಲ, ಊರಲ್ಲಿ, ನೆಂಟರ ಮನೆಗಳಲ್ಲಿ ಕುಳಿತು ಅರ್ಥ ಹೇಳಿದವರು. ಅವರು ಹೋಗಿದ್ದು 1998ರಲ್ಲಿ. ಅವರ ಕೃಷ್ಣ ಸಂಧಾನದ ಅರ್ಥ ಎರಡು ಕ್ಯಾಸೆಟ್ಟಿನಲ್ಲಿದೆ, ಇನ್ನೂ ನಲವತ್ತರಷ್ಟು ಕ್ಯಾಸೆಟ್ಟಿನಲ್ಲಿ ಅಲ್ಲಲ್ಲಿ ಅವರ ದನಿ. ಅಜ್ಜನ ದನಿ ಬೇರೆಲ್ಲೂ ಉಳಿದಿಲ್ಲ, ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ.

"ಕೂಸೇ, ದೊಡ್ಡದು ಎಂತೂ ಬ್ಯಾಡ. ಅಪ್ಪನ ಅರ್ಥ ಕೇಳಲೆ ಆದ್ರೆ ಸಾಕು," ಅಂದರು ಅಪ್ಪಯ್ಯ ಫೋನಿನಲ್ಲಿ.

ಇಷ್ಟೇ ಬೇಡಿಕೆ. ಇದನ್ನು ಈಡೇರಿಸೋಕೆ ನನಗೆ ಐದು ತಿಂಗಳು ಹಿಡಿಯಿತು.

ಶಿರಸಿ ಪೇಟೆಯ ಅಂಗಡಿಯೊಂದರಲ್ಲಿ ಕೇಳಿದಾಗ ಸಿಕ್ಕ ಉತ್ತರ, "ಎಲ್ಲಾ ಇದೆ ಮೇಡಂ. ಬ್ಲೂಟೂತ್, ಆಕ್ಸ್, ಯುಎಸ್‌ಬಿ, ಎಫ್‌ಎಂ." ಈ ನಾಲ್ಕು ಪದ ಇವತ್ತು ಪ್ರತಿ ಡಬ್ಬಿಯ ಮೇಲೂ ಇರುತ್ತೆ. ಯಾವುದರ ಅರ್ಥವೂ ಪೂರ್ತಿ ಬರೆದಿರೋದಿಲ್ಲ.

ಬ್ಲೂಟೂತನ್ನೇ ತಗೊಳ್ಳಿ. ಅದರಲ್ಲಿ ಹಾಡು ಕಳಿಸುವ ಬದಿ ಒಂದು, ಹಾಡು ಪಡೆಯುವ ಬದಿ ಒಂದು. ಫೋನ್ ಕಳಿಸುತ್ತೆ, ಸ್ಪೀಕರ್ ಪಡೆಯುತ್ತೆ. ಹಾಡು ತುಂಬಿಸಿಕೊಟ್ಟ ಪೆಟ್ಟಿಗೆಗಳು, ಪೆನ್‌ಡ್ರೈವ್ ಹಾಕುವ ಸ್ಪೀಕರ್‌ಗಳು ಬಹುಪಾಲು ಪಡೆಯುವ ಜಾತಿಯವು. ಅಂದರೆ ನಿಮ್ಮ ಫೋನಿನ ಹಾಡು ಅದರಲ್ಲಿ ಬರುತ್ತೆ, ಅದರ ಹಾಡು ನಿಮ್ಮ ಇಯರ್‌ಬಡ್‌ಗೆ ಹೋಗೋದಿಲ್ಲ. ಡಬ್ಬಿಯ ಮೇಲೆ ಬರೆದಿದ್ದು ಸುಳ್ಳಲ್ಲ, ಆದರೆ ದಿಕ್ಕು ಹೇಳಿಲ್ಲ. ಅಪ್ಪ ಅಮ್ಮನಿಗೆ ಅಂತ ಆನ್‌ಲೈನಲ್ಲಿ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಬ್ಲೂಟೂತ್ ಯಾವ ದಿಕ್ಕಿಗೆ?

ಆಕ್ಸ್ ಕತೆಯೂ ಅದೇ. 3.5 ಎಂಎಂನ ಅದೇ ಗುಂಡನೆಯ ಜಾಗ, ಕೆಲವದರಲ್ಲಿ ಒಳಗೆ ತಗೊಳ್ಳೋಕೆ, ಕೆಲವದರಲ್ಲಿ ಹೊರಗೆ ಕೊಡೋಕೆ. ಹೆಡ್‌ಫೋನಿನ ಚಿತ್ರ ಇದ್ದರೆ ಹೊರಗೆ ಕೊಡುತ್ತೆ ಅಂತ ನಂಬಬಹುದು. ಬರೀ "ಆಕ್ಸ್" ಅಂತಿದ್ದರೆ ಅಂಗಡಿಯಲ್ಲೇ ಹೆಡ್‌ಫೋನ್ ಸಿಕ್ಕಿಸಿ ನೋಡಿ. ಟೈಪ್-ಸಿ ಜಾಗವಂತೂ ಎಷ್ಟೋ ಅಗ್ಗದ ಸ್ಪೀಕರಿನಲ್ಲಿ ಬರೀ ಚಾರ್ಜಿಗೆ, ಹಾಡು ತುಂಬಿಸೋಕೆ ಅಲ್ಲ. ಕೆಲವು ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜೇ ಆಗೋದಿಲ್ಲ. ಒಂದೆರಡು ರೂಪಾಯಿಯ ರೆಸಿಸ್ಟರ್ ಉಳಿಸಿರ್ತಾರೆ, ಅದಿಲ್ಲದೆ ಚಾರ್ಜರಿಗೆ ಎದುರುಗಡೆ ಏನೋ ಇದೆ ಅಂತಲೇ ತಿಳಿಯೋದಿಲ್ಲ. ಹಳೇ ಚೌಕದ ತುದಿಯ ಯುಎಸ್‌ಬಿ ಕೇಬಲ್ ಹಾಕಿದರೆ ಅದೇ ಸ್ಪೀಕರ್ ಆರಾಮಾಗಿ ಚಾರ್ಜ್ ಆಗುತ್ತೆ. ಕೆಟ್ಟಿದೆ ಅಂತ ಎಸೆಯುವ ಮೊದಲು ಕೇಬಲ್ ಬದಲಿಸಿ ನೋಡಿ.

ಅಪ್ಪಯ್ಯನ ವಿಷಯದಲ್ಲಿ ಇದಕ್ಕಿಂತ ದೊಡ್ಡ ತೊಡಕು ಕಿವಿಯ ಮಷಿನ್ ಆಗಿತ್ತು. ಅದರಲ್ಲಿ ಬ್ಲೂಟೂತ್ ಇದೆ, ಫೋನಿಗೆ ಸೇರುತ್ತೆ ಅಂತ ಕೊಡುವಾಗ ಹೇಳಿದ್ದರು. ಹೌದು, ಫೋನಿಗೆ ಮಾತ್ರ ಸೇರುತ್ತೆ. ಕಿವಿ ಮಷಿನ್‌ಗಳ ಬ್ಯಾಟರಿ ಕಾಳಿನಷ್ಟು ಚಿಕ್ಕದು, ಹೆಡ್‌ಫೋನಿಗೆ ಬಳಸುವ ಮಾಮೂಲಿ ಬ್ಲೂಟೂತ್ ಅದನ್ನು ಬೇಗ ಕುಡಿದುಬಿಡುತ್ತೆ. ಹಾಗಾಗಿ ಐಫೋನಿಗೆ ಆಪಲ್ ತನ್ನದೇ ದಾರಿ ಮಾಡಿತು, ಗೂಗಲ್ ಆಂಡ್ರಾಯ್ಡ್ 10ರಿಂದ ಇನ್ನೊಂದು ದಾರಿ ಕೊಟ್ಟಿತು. ಎರಡೂ ಸೇರುವ ಹಾಗೆ ಎಲ್‌ಇ ಆಡಿಯೋ ಅನ್ನೋದನ್ನು 2020ರ ಜನವರಿಯಲ್ಲಿ ಘೋಷಿಸಿದರು, ಅದು ನಿಧಾನಕ್ಕೆ ಬರುತ್ತಿದೆ. ಮಾಮೂಲಿ ಬ್ಲೂಟೂತಿಗೂ ಸೇರುವ ಕಿವಿ ಮಷಿನ್‌ಗಳು ಇವೆ, ಅಪ್ಪಯ್ಯನದು ಅದಲ್ಲ. ಹಾಗಾಗಿ ಹಾಡು ಕಳಿಸುವ ಬ್ಲೂಟೂತ್ ಇರುವ ಪ್ಲೇಯರ್ ತಂದರೂ ಎರಡೂ ಒಂದರ ಮುಖ ಒಂದು ನೋಡುತ್ತಿರಲಿಲ್ಲ.

ಫೋನಿಗೇ ಸೇರಿಸಬಹುದಲ್ಲ ಅಂತ ಕೇಳ್ತೀರಿ. ನನ್ನ ಹಳೇ ಸ್ಮಾರ್ಟ್‌ಫೋನ್ ಕೊಟ್ಟು ನೋಡಿದೆವು. ಚೊಗರಿನ ಕೈ, ಮಂಜು ಕಣ್ಣು, ನಡುನಡುವೆ ಸಾಲ ಬೇಕಾ ಅಂತ ಬರುವ ಕರೆ. ಭೀಷ್ಮ ಮಾತಾಡುವಾಗ ಯಾವುದೋ ಹುಡುಗಿ ನಡುವೆ ಬಾಯಿ ಹಾಕಿದರೆ ಯಾರಿಗೆ ಸಿಟ್ಟು ಬರೋದಿಲ್ಲ ಹೇಳಿ? ಅಪ್ಪಯ್ಯ ನಾಲ್ಕೇ ದಿನಕ್ಕೆ ಅದನ್ನು ಆಯಿಗೆ ದಾಟಿಸಿದರು. ಆಯಿ ಅದರಲ್ಲಿ ವಾಟ್ಸಾಪ್ ಕಲಿತರು. ದೊಡ್ಡ ಹೆಡ್‌ಫೋನನ್ನು ಮಷಿನ್ ಮೇಲೆ ಹಾಕಿದರೆ ಕುಂಯ್ ಅಂತ ಶಿಳ್ಳೆ.

ಕೊನೆಗೆ ದಾರಿ ಹೇಳಿದ್ದು ಕಿವಿ ಪರೀಕ್ಷೆ ಮಾಡಿದ ಆಡಿಯಾಲಜಿಸ್ಟ್. ಟೀವಿ ಕೇಳೋಕೆ ಅಂತ ಆಯಾ ಕಿವಿ ಮಷಿನ್ ಕಂಪನಿಯವರೇ ಒಂದು ಪುಟ್ಟ ಡಬ್ಬಿ ಮಾರ್ತಾರೆ. ಒಂದು ಕಡೆ ವೈರ್ ಸಿಕ್ಕಿಸಿದರೆ ಇನ್ನೊಂದು ಕಡೆಯಿಂದ ಸೀದಾ ಮಷಿನ್‌ಗೆ ದನಿ ಹೋಗುತ್ತೆ. ಅದಕ್ಕೆ ಟೀವಿಯೇ ಆಗಬೇಕು ಅಂತಿಲ್ಲ, ಹೆಡ್‌ಫೋನ್ ಪಿನ್ ಹಾಕುವ ಜಾಗ ಇರುವ ಯಾವುದಾದರೂ ಸರಿ. ನಮ್ಮ ಮನೆಯದು ಮೊಬೈಲ್ ಚಾರ್ಜರಿನ 5 ವೋಲ್ಟಿನಲ್ಲೇ ನಡೆಯುತ್ತೆ, ಹಾಗಾಗಿ ಪವರ್ ಬ್ಯಾಂಕ್ ಸಾಕು. ಮಳೆಗಾಲದಲ್ಲಿ ಕರೆಂಟಿನ ಅವಸ್ಥೆ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತೆ. ನಿಮ್ಮ ಮನೆಯಲ್ಲೂ ಯಾರಾದರೂ ಕಿವಿ ಮಷಿನ್ ಹಾಕ್ತಿದ್ದರೆ ಈ ಡಬ್ಬಿಯ ಬಗ್ಗೆ ಕೇಳಿ. ತಾವಾಗಿ ಹೇಳುವವರು ಕಡಿಮೆ.

2016ರಲ್ಲಿ ಐಫೋನ್ 7 ಬಂದಾಗ ಆಪಲ್ ಆ ಪಿನ್ ಜಾಗವನ್ನು ತೆಗೆದುಹಾಕಿತು. ಆಮೇಲೆ ಬೇರೆಯವರೂ ಒಬ್ಬೊಬ್ಬರಾಗಿ ತೆಗೆದರು. ವೈರ್ ಯಾರಿಗೆ ಬೇಕು ಅಂತ ನಾವೆಲ್ಲ ಒಪ್ಪಿಕೊಂಡೆವು. ಒಂದು ಮುದಿ ಕಿವಿಗೆ ದನಿ ಮುಟ್ಟಿಸುವ ಅತಿ ಸುಲಭದ ದಾರಿ ಅದೇ ಆಗಿರಬಹುದು ಅಂತ ಬೆಂಗಳೂರಿನ ಮೆಟ್ರೋದಲ್ಲಿ ಇಯರ್‌ಬಡ್ ಹಾಕಿ ನಿಂತವರಿಗೆ ಯಾಕೆ ಹೊಳೀಬೇಕು?

ಇನ್ನು ಪ್ಲೇಯರ್. ಕ್ಯಾಸೆಟ್ಟಿನಲ್ಲಿ ಒಂದು ಗುಣ ಇತ್ತು, ಅದನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಎಲ್ಲಿ ನಿಲ್ಲಿಸಿದ್ರೋ ಅಲ್ಲೇ ಇರುತ್ತೆ. ಕರೆಂಟು ಹೋಗಲಿ, ಕ್ಯಾಸೆಟ್ ತೆಗೆದು ನೆಂಟರ ಮನೆಯ ಟೇಪಿಗೆ ಹಾಕಲಿ, ಮುಂದಿನ ಮಾತಿನಿಂದಲೇ ಶುರು. ಎಷ್ಟೋ ಪೆನ್‌ಡ್ರೈವ್ ಸ್ಪೀಕರಿನಲ್ಲಿ ಈ ನೆನಪಿರೋದಿಲ್ಲ. ನಾಲ್ಕು ನಿಮಿಷದ ಸಿನಿಮಾ ಹಾಡಿಗೆ ಅದು ಬೇಕಾಗಿಯೂ ಇಲ್ಲ. ಮೂರು ತಾಸಿನ ತಾಳಮದ್ದಲೆಗೆ? ಕರೆಂಟು ಹೋದ ಪ್ರತಿ ಸಲವೂ ಗಣಪತಿ ಸ್ತುತಿಯಿಂದ ಶುರು ಮಾಡಿದರೆ ಕೃಷ್ಣ ಹಸ್ತಿನಾವತಿ ಮುಟ್ಟೋದು ಯಾವಾಗ?

ಇನ್ನೊಂದು ಗುಣ, ರೆಕಾರ್ಡಿಂಗ್. ನಮ್ಮ ಮನೆಗಳ ಕ್ಯಾಸೆಟ್‌ಗಳಲ್ಲಿ ಅಂಗಡಿಯಿಂದ ತಂದವು ಎಷ್ಟೋ ಅಷ್ಟೇ ನಾವೇ ತುಂಬಿಸಿಕೊಂಡವೂ ಇವೆ. ಕೆಂಪು ಗುಂಡಿ, ಪ್ಲೇ ಗುಂಡಿ ಎರಡೂ ಒಟ್ಟಿಗೆ ಒತ್ತಿ ಭಾಗವತರ ಎದುರಿಗೆ ಇಟ್ಟರೆ ಮುಗಿಯಿತು. 2001ರಲ್ಲಿ ಬಂದು 2022ರಲ್ಲಿ ನಿಂತ ಐಪಾಡ್ ಕಾಲದಿಂದ ಪ್ಲೇಯರ್ ಅಂದರೆ ಕೇಳುವ ಸಾಧನ ಅಷ್ಟೇ ಅಂತಾಗಿಬಿಟ್ಟಿತು.

ನಮಗೆ ಆಗಿಬಂದಿದ್ದು ಮ್ಯೂಸಿಕ್ ಪ್ಲೇಯರೇ ಅಲ್ಲ, ವಾಯ್ಸ್ ರೆಕಾರ್ಡರ್. ಪತ್ರಕರ್ತರು, ವಿದ್ಯಾರ್ಥಿಗಳು ಇಟ್ಟುಕೊಳ್ಳುವಂಥದ್ದು. ಅಂಗೈಯಷ್ಟು ಉದ್ದ, ಒತ್ತಿದರೆ ಟಕ್ ಅನ್ನುವ ಗುಂಡಿ, ನಿಲ್ಲಿಸಿದ ಜಾಗದ ನೆನಪು, ಹೆಡ್‌ಫೋನ್ ಜಾಗ, ರೆಕಾರ್ಡಿಂಗ್. ಎಂಪಿ3 ತುಂಬಿಸಿದರೆ ಅದನ್ನೂ ಹಾಡುತ್ತೆ. ಪ್ಲೇ ಗುಂಡಿಯ ಮೇಲೆ ನಾನು ಆಯಿಯ ಕೆಂಪು ನೇಲ್ ಪಾಲಿಶ್ ಹಚ್ಚಿಕೊಟ್ಟೆ. ಕಡಿಮೆ ಖರ್ಚಿನಲ್ಲಿ ಆಗಬೇಕು ಅಂದರೆ ಮೆಮೊರಿ ಕಾರ್ಡ್ ಹಾಕುವ ಬಟನ್ ಫೋನ್ ಸಾಕು. ಹೆಡ್‌ಫೋನ್ ಜಾಗ, ಎಫ್‌ಎಂ, ಟಾರ್ಚು ಎಲ್ಲ ಇನ್ನೂ ಅವುಗಳಲ್ಲೇ ಸಿಗೋದು. ನೆನಪಿನ ಗುಣ ಇಲ್ಲದಿದ್ದರೆ ಮೂರು ತಾಸನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿ 01, 02, 03 ಅಂತ ಹೆಸರಿಡಿ. 1, 2, 10 ಅಂತಿಟ್ಟರೆ ಕೆಲವು ಪ್ಲೇಯರ್ 1 ಆದಮೇಲೆ 10ಕ್ಕೇ ಹಾರುತ್ತೆ. ಕನ್ನಡದಲ್ಲಿ ಹೆಸರಿಟ್ಟರೆ ಅಗ್ಗದವುಗಳಲ್ಲಿ ಬರೀ ಚೌಕ ಕಾಣುತ್ತೆ, ಬೇಜಾರಿನ ವಿಷಯ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಹಳೇ ಪ್ಲೇಯರ್‌ಗಳಿಗೆ ಬಹುಪಾಲು ತಿಳಿಯೋ ಭಾಷೆ ಅದು.

ಕ್ಯಾಸೆಟ್ಟಿನಿಂದ ಇಳಿಸುವ ಕೆಲಸ ನಿಧಾನದ್ದು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ. ಯಲ್ಲಾಪುರದ ಮಾವನ ಮನೆಯಲ್ಲಿ ನಡೆಯುವ ಡೆಕ್ ಒಂದಿತ್ತು, ತಂದೆವು. ಲ್ಯಾಪ್‌ಟಾಪಿನ ಜಾಗಕ್ಕೆ ಸೀದಾ ಸಿಕ್ಕಿಸಬೇಡಿ. ಅದು ಮೈಕ್‌ಗೆ ಮಾಡಿದ್ದು, ದನಿ ಒಡೆದು ಬರುತ್ತೆ. ಲೈನ್-ಇನ್ ಇರುವ ಪುಟ್ಟ ಯುಎಸ್‌ಬಿ ಅಡಾಪ್ಟರ್ ಬೇಕು, ಸಾಫ್ಟ್‌ವೇರಿಗೆ ಅಡಾಸಿಟಿ ಸಾಕು, ಪುಕ್ಕಟೆ. ಮೊದಲು ಡೆಕ್ಕಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಹಾಕಲೇಬೇಡಿ, ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತೆ. ಅಂಥವನ್ನು ಬೇರೆ ಇಡಿ, ಬಲ್ಲವರಿಗೆ ತೋರಿಸಿ.

ಅಜ್ಜನ ದನಿ ಮೊದಲು ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳಿತು. ಹೆಡ್ಡಿನ ಪಕ್ಕ ಸಣ್ಣ ಸ್ಕ್ರೂ ಒಂದಿರುತ್ತೆ, ಹೆಡ್ಡಿನ ಓರೆ ಸರಿಮಾಡೋದು ಅದು. ಅಂದು ರೆಕಾರ್ಡ್ ಮಾಡಿದ ಟೇಪಿನ ಹೆಡ್ ಸ್ವಲ್ಪ ಓರೆ ಇದ್ದರೆ ಇವತ್ತಿನ ಡೆಕ್ಕಿಗೆ ಅದು ಮಂಕಾಗಿ ಕೇಳುತ್ತೆ. ಸಣ್ಣ ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ತಿರುಗಿಸಿದಾಗ ತಾಳದ ಸದ್ದು ಫಳ್ಳನೆ ಹೊರಗೆ ಬಂತು, ಹಿಂದೆಯೇ ಅಜ್ಜನ ಕೆಮ್ಮು. ಮಾತಿಗೆ ಮೋನೋ, 64 ಕೆಬಿಪಿಎಸ್ ಎಂಪಿ3 ಸಾಕಾಗುತ್ತೆ. ಒಂದು ತಾಸಿಗೆ 29 ಎಂಬಿ ಅಷ್ಟೆ. ನಮ್ಮ ಅಷ್ಟೂ ಕ್ಯಾಸೆಟ್ ಸೇರಿದರೆ 2 ಜಿಬಿ ದಾಟೋದಿಲ್ಲ. ಜೊತೆಗೆ ಮೂಲ ವೇವ್ ಫೈಲನ್ನೂ ಒಂದು ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೇನೆ.

ಒಂದು ಆಸೆ ಮಾತ್ರ ಈಡೇರಲಿಲ್ಲ, ರೇಡಿಯೋ. ಅಪ್ಪಯ್ಯನಿಗೆ ಬೇಕಿದ್ದು ಧಾರವಾಡ, ಅಂದರೆ 765 ಕಿಲೋಹರ್ಟ್ಸ್, ಮೀಡಿಯಂ ವೇವ್. ಅದರ ಅಲೆ ನೆಲ ಹಿಡಿದು ಗುಡ್ಡ ಬಳಸಿ ಬರುತ್ತೆ. ಎಫ್‌ಎಂ ಹಾಗಲ್ಲ, ಎದುರಿಗೆ ಗುಡ್ಡ ಬಂದರೆ ಸೋಲುತ್ತೆ. ಕಾರವಾರದ 102.3 ಘಟ್ಟದ ಕೆಳಗೆ ಚೆನ್ನಾಗಿದ್ದರೂ ನಮ್ಮ ಕಣಿವೆಯಲ್ಲಿ ಬರೀ ಜರ್ರ್. ಆದರೆ ಈಗಿನ ಪೆಟ್ಟಿಗೆಗಳಲ್ಲಿ "ರೇಡಿಯೋ ಇದೆ" ಅಂದರೆ ಬಹುಪಾಲು ಎಫ್‌ಎಂ ಒಂದೇ. ಸ್ಮಾರ್ಟ್‌ಫೋನಿನಲ್ಲಿ ಅದೂ ಹೋಗುತ್ತಾ ಬಂತು. ಹೆಡ್‌ಫೋನಿನ ವೈರೇ ಅದರ ಆಂಟೆನಾ, ವೈರ್ ಹೋದಮೇಲೆ ಎಫ್‌ಎಂ ಎಲ್ಲಿಂದ? ಫೋನುಗಳಲ್ಲಿ ಎಫ್‌ಎಂ ಉಳಿಸಿ, ವಿಪತ್ತಿನ ಹೊತ್ತಿಗೆ ಬೇಕಾಗುತ್ತೆ ಅಂತ ಕೇಂದ್ರದ ಐಟಿ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ತಯಾರಕರಿಗೆ ಸೂಚಿಸಿತ್ತು. ಘಟ್ಟದಲ್ಲಿ ಮರ ಬಿದ್ದು, ಕರೆಂಟೂ ಟವರೂ ಒಟ್ಟಿಗೆ ಕೈಕೊಡುವ ಆಷಾಢದಲ್ಲಿ ಆ ಮಾತು ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತೆ.

ಹಾಗಾಗಿ ಮೀಡಿಯಂ ವೇವ್ ಇರುವ ಸೆಲ್ ರೇಡಿಯೋ ಬೇರೆಯೇ ತಂದಿದ್ದಾಯಿತು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರಿನ ಹತ್ತಿರ ಇಟ್ಟರೆ ಗೊರಗೊರ ಅನ್ನುತ್ತೆ. ಅದಕ್ಕೆ ಕಿಟಕಿಯ ಪಕ್ಕ ಜಾಗ.

ಕ್ಯಾಸೆಟ್ಟಿನಲ್ಲಿ ಇಲ್ಲಿಯವರೆಗೆ ಹದಿನೇಳು ಇಳಿದಿವೆ. ನಾಲ್ಕಕ್ಕೆ ಬೂಷ್ಟು ಬಂದಿದೆ, ಉಳಿದವನ್ನು ಆಯಿ ಹಪ್ಪಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಟ್ಟಿದ್ದಾರೆ. ಮಾವನ ಡೆಕ್ ದೀಪಾವಳಿಗೆ ವಾಪಸ್ ಕೊಡಬೇಕು. ಹೋದ ವಾರ ಅಪ್ಪಯ್ಯ ಫೋನ್ ಮಾಡಿ, ಕೃಷ್ಣ ಸಂಧಾನದ ಎರಡನೇ ಕ್ಯಾಸೆಟ್ಟಿನ ಕೊನೆಗೆ ಅಜ್ಜನ ಎದುರಿಗೆ ಕೌರವನಾಗಿ ಕುಳಿತವರು ಯಾರು ಅಂತ ಪತ್ತೆಯಾಯಿತು ಅಂದರು. ಮೊದಲೆಲ್ಲ ಆ ದನಿ ಇಷ್ಟು ಸ್ಪಷ್ಟ ಕೇಳುತ್ತಿರಲಿಲ್ಲವಂತೆ.