ಮಲ್ಲಿಗೆಯ ಕಂಪಿನೊಳಗೆ ಏನಿದೆ?

ಪ್ರಶ್ನೆ: ಹಗಲು ಕೊಯ್ದು ತಂದ ಮಲ್ಲಿಗೆಯ ಮೊಗ್ಗು ಸಂಜೆ ಬಿರಿದಾಗ ಮನೆಯೆಲ್ಲ ಘಮಘಮಿಸುತ್ತದೆ. ಈ ಪರಿಮಳವು ಒಂದೇ ದ್ರವ್ಯವೆ?

ಉತ್ತರ: ಒಂದಲ್ಲ. ಮಲ್ಲಿಗೆಯ ಕಂಪೆಂದು ನಾವು ಏಕವಚನದಲ್ಲಿ ಕರೆಯುವುದು ವಸ್ತುತಃ ಅನೇಕ ಬಾಷ್ಪಶೀಲ ದ್ರವ್ಯಗಳ ಸಮ್ಮೇಳನ. ಹಣ್ಣಿನ ಮಾಧುರ್ಯವನ್ನು ನೆನಪಿಸುವ ಬೆಂಜೈಲ್ ಅಸಿಟೇಟ್, ಕೊತ್ತಂಬರಿ ಬೀಜದ ತೈಲದಲ್ಲಿಯೂ ಪ್ರಧಾನವಾಗಿರುವ ಲಿನಲೂಲ್, ಫಾರ್ನೆಸೀನ್, ಮಿಥೈಲ್ ಆಂತ್ರನಿಲೇಟ್ ಮೊದಲಾದವು ಅದರಲ್ಲಿ ಮುಖ್ಯವಾದವು. ಇವುಗಳಲ್ಲೆಲ್ಲ ವಿಸ್ಮಯಕರವಾದುದು ಇಂಡೋಲ್: ಸಾಂದ್ರವಾಗಿರುವಾಗ ಮಲದ ದುರ್ಗಂಧವನ್ನೇ ಬೀರುವ, ಮಲದಲ್ಲಿಯೂ ಇರತಕ್ಕ ಈ ದ್ರವ್ಯವು, ಅತ್ಯಲ್ಪ ಪ್ರಮಾಣದಲ್ಲಿ ಇತರ ದ್ರವ್ಯಗಳೊಡನೆ ಬೆರೆತಾಗ ಮಲ್ಲಿಗೆಗೆ ಅದರ ಗಾಢವಾದ ಮಾದಕತೆಯನ್ನು ಕೊಡುತ್ತದೆ. ಮಲ್ಲಿಗೆಯ ಬಂಧುವಾದ ಜಾಜಿಯ ತೈಲದಲ್ಲಿ 1962ರಲ್ಲಿ ಗುರುತಿಸಲ್ಪಟ್ಟ ಮಿಥೈಲ್ ಜಾಸ್ಮೊನೇಟ್ ಎಂಬುದಾದರೋ, ಕೀಟಗಳಿಂದ ಗಾಯಗೊಂಡ ಸಸ್ಯಗಳು ತಮ್ಮ ರಕ್ಷಣೆಯನ್ನು ಜಾಗೃತಗೊಳಿಸಲು ಬಳಸುವ ಸಂದೇಶವಾಹಕವೂ ಹೌದೆಂದು ಅನಂತರ ತಿಳಿದುಬಂದಿತು.

ಮೊಗ್ಗಿನಲ್ಲಿ ಈ ಗಂಧವು ಪೂರ್ಣವಾಗಿ ಸಿದ್ಧವಾಗಿರುವುದಿಲ್ಲ. ಎಸಳು ಬಿಚ್ಚುವ ಹೊತ್ತಿಗೆ ಅದು ಹೇರಳವಾಗಿ ಉತ್ಪನ್ನವಾಗಿ ಹೊರಹೊಮ್ಮುತ್ತದೆ, ಗಿಡದಿಂದ ಬೇರ್ಪಟ್ಟ ಮೇಲೂ ಹೂವು ಹಲವು ತಾಸು ಈ ಕಾರ್ಯವನ್ನು ಬಿಡುವುದಿಲ್ಲ. ಆದುದರಿಂದಲೇ ಪೂರ್ವದಲ್ಲಿ ಫ್ರಾನ್ಸಿನ ಗ್ರಾಸ್ ನಗರದ ಗಂಧಕಾರರು, ಕುದಿವ ನೀರಿನ ಆವಿಗೆ ಕೆಡುವ ಸುಕುಮಾರ ಜಾಜಿಪುಷ್ಪವನ್ನು ತಣ್ಣನೆಯ ಕೊಬ್ಬಿನ ಮೇಲೆ ಹರಡಿ, ಅದು ಉಸಿರಿದ ಪರಿಮಳವನ್ನು ಆ ಕೊಬ್ಬಿಗೆ ಹೀರಿಸುತ್ತಿದ್ದರು. ಇಂದು ಹೆಕ್ಸೇನ್‌ನಂತಹ ದ್ರಾವಕವು ಆ ಕಾರ್ಯವನ್ನು ಮಾಡುತ್ತದೆ.

ಮುಡಿಯಲ್ಲಿರುವ ಮಲ್ಲಿಗೆಯು ಆ ಇರುಳೆಲ್ಲ ತನ್ನ ಕಂಪನ್ನು ಹೊಸದಾಗಿ ಸೃಜಿಸುತ್ತಲೇ ಇರುತ್ತದೆಂಬುದನ್ನು ವಾಚಕರು ನೆನೆಯಲಿ.